ಎಲ್ಲಾ ತಂದಿದ್ದೇನೆ, ಏನೂ ಬಿಟ್ಟಿಲ್ಲ

ಪದ್ಮಿನಿಯವರ ಮನೆಯಲ್ಲಿ ಸಕ್ಕರೆ ಡಬ್ಬಿ ಒಂದೇ ಜಾಗದಲ್ಲಿ ನೆಲೆ ನಿಂತದ್ದನ್ನು ನಾನು ಕಾಣೆ. ಕಾಫಿಗೆ ಕೂತರೆ ಅವರ ಯಜಮಾನರು ಶ್ರೀಪಾದರಾಯರು ಅಡುಗೆಮನೆಯಿಂದ ಕೂಗುವುದು ಮಾಮೂಲಾಗಿತ್ತು: "ಪದ್ಮಿನೀ, ಸಕ್ಕರೆ ಈ ವಾರ ಎಲ್ಲಿದೆ?"

"ಗ್ರೈಂಡರ್ ಹಿಂದೆ ಕಣ್ರೀ. ಅಲ್ಲಿದ್ರೆ ಕೈಗೆ ಸಿಗುತ್ತೆ ಅಂತ ಇಟ್ಟೆ."

ಸಿಗುತ್ತಿರಲಿಲ್ಲ.

ಇಂಥವರನ್ನು ಕಂಡರೆ ನನಗೆ ಆಗುವುದಿಲ್ಲ. ಜಾಲಹಳ್ಳಿಯ ಕಾರ್ಖಾನೆಯಲ್ಲಿ ಡ್ರಾಯಿಂಗ್‌ಗಳನ್ನು ಪರಿಶೀಲಿಸುವ ಕೆಲಸ ನನ್ನದಾಗಿತ್ತು. ಸೈರನ್ ಕೂಗುವ ಮೊದಲೇ ಮೇಜಿನ ಮುಂದೆ ಇರಬೇಕು. ಪೆನ್ಸಿಲ್ ಬಲಕ್ಕೆ, ಅಳತೆಪಟ್ಟಿ ಎಡಕ್ಕೆ. ಪ್ರತಿ ಡ್ರಾಯಿಂಗ್‌ನ ಮೂಲೆಯಲ್ಲಿ ಬರೆದವನ ಹೆಸರು, ಪರಿಶೀಲಿಸಿದವನ ಹೆಸರು. ಹಾಳೆ ಹರಿದು ಹೊಸದಕ್ಕೆ ನಕಲು ಮಾಡಿದರೂ ಮೊದಲು ಬರೆದವನ ಹೆಸರು ಜೊತೆಗೆ ಬರಲೇಬೇಕು. ಪದ್ಮಿನಿ ಅದೇ ಕಾರ್ಖಾನೆಯ ಕಂಪ್ಯೂಟರ್ ವಿಭಾಗದಲ್ಲಿದ್ದರು. ಅವರಷ್ಟು ಚುರುಕಾದವರೂ ಅಲ್ಲಿರಲಿಲ್ಲ, ಅವರಷ್ಟು ತಲೆ ಕೆಡಿಸುವವರೂ ಇರಲಿಲ್ಲ.

ನಿವೃತ್ತರಾದ ಮೇಲೆ ಅವರು ಒಂದು ಸಾಫ್ಟ್‌ವೇರ್ ಶುರುಮಾಡಿದರು. ತಗಡಿನ ಹಾಳೆಯಲ್ಲಿ ಬೇಕಾದ ತುಂಡುಗಳನ್ನು ಹೇಗೆ ಜೋಡಿಸಿ ಕತ್ತರಿಸಿದರೆ ಕಡಿಮೆ ಹಾಳಾಗುತ್ತದೆ ಎಂದು ಅದು ತೋರಿಸುತ್ತದೆ. ಪೀಣ್ಯದ ಸಣ್ಣ ವರ್ಕ್‌ಶಾಪುಗಳಿಗೆ ಪುಕ್ಕಟೆ. ಒಳಗಿನ ಬರಹವನ್ನು ಯಾರು ಬೇಕಾದರೂ ನೋಡಬಹುದು, ತಿದ್ದಬಹುದು. ನಾವಿದ್ದದ್ದು ಮೂವರು. ಬರೆಯುವವರು ಪದ್ಮಿನಿ, ಪರೀಕ್ಷಿಸುವವನು ನಾನು, ಮೂರನೆಯವರು ಬಸವರಾಜ. ಬಾಗಲಕೋಟೆ ಕಡೆಯವರು, ಪೀಣ್ಯದಲ್ಲಿ ಸೂಪರ್‌ವೈಸರ್, ಬಾಗಲಗುಂಟೆಯಲ್ಲಿ ಬಾಡಿಗೆ ಕೋಣೆ. ದುಂಡನೆಯ ತುಂಡುಗಳನ್ನು ಜೋಡಿಸುವ ಭಾಗ ಪೂರ್ತಿ ಅವರದೇ. ಅದನ್ನು ತೋರಿಸಿ ವೈಟ್‌ಫೀಲ್ಡಿನಲ್ಲಿ ಒಂದು ಕೆಲಸ ಹಿಡಿಯಬೇಕೆಂದು ಕಾದಿದ್ದರು.

ಯಾರು ಯಾವ ಸಾಲನ್ನು ಯಾವಾಗ ಬದಲಿಸಿದರು ಎಂದು ನೆನಪಿಡಲು ನಮ್ಮಲ್ಲಿ ಎಸ್‌ವಿಎನ್ ಎಂಬ ಹಳೆಯ ವ್ಯವಸ್ಥೆ ಇತ್ತು. ಆ ನೆನಪೆಲ್ಲ ಪದ್ಮಿನಿಯವರ ಮನೆಯ ಒಂದು ಕಂಪ್ಯೂಟರಿನಲ್ಲಿ. ಒಂದು ಭಾನುವಾರ ಅವರು ಅದನ್ನು ಬಿಟ್ಟು ಗಿಟ್ ಎಂಬ ಹೊಸ ವ್ಯವಸ್ಥೆಗೆ ಹೋಗೋಣ ಎಂದರು.

"ಇರೋದಕ್ಕೆ ಏನಾಗಿದೆ?" ಎಂದೆ.

"ಮೂರ್ತಿಗಳೇ, ಈ ಡಬ್ಬ ಕೆಟ್ರೆ ಎಲ್ಲಾ ಹೋಯ್ತು. ಗಿಟ್‌ನಲ್ಲಾದ್ರೆ ಪೂರ್ತಿ ಇತಿಹಾಸ ನಿಮ್ಮನೇಲೂ ಇರುತ್ತೆ, ಬಸವರಾಜ್ ರೂಮಲ್ಲೂ ಇರುತ್ತೆ."

ಅವರು ಹೇಳಿದ್ದು ಸರಿ. ಅದೇ ನನ್ನ ಸಂಕಟ. ಅವರು ಹೇಳುವುದು ಯಾವಾಗಲೂ ಸರಿಯಾಗಿಯೇ ಇರುತ್ತಿತ್ತು, ಮಾಡುವುದು ಮಾತ್ರ ದೇವರಿಗೇ ಪ್ರೀತಿ. ಒಂದು ಷರತ್ತಿನ ಮೇಲೆ ಒಪ್ಪಿದೆ: ಹಳೆಯ ಇತಿಹಾಸ ಪೂರ್ತಿ ಹೊಸದಕ್ಕೆ ಬರಬೇಕು, ನಾನು ನೋಡಿದ ಮೇಲೆಯೇ ಹಳೆಯದನ್ನು ಅಳಿಸಬೇಕು. ತಲೆಯಾಡಿಸಿದರು.

ಮುಂದಿನ ಭಾನುವಾರ ಹೋಗುವಷ್ಟರಲ್ಲಿ ಎಲ್ಲ ಮುಗಿದಿತ್ತು. ಇತಿಹಾಸ ಸಾಗಿಸುವ ಕೆಲಸ ನಡುವೆ ಎಲ್ಲೋ ಕಚ್ಚಿಕೊಂಡು ನಿಂತಿತಂತೆ. ಬೇಸರ ಹಿಡಿದು, ಅಂದಿನ ಫೈಲುಗಳನ್ನಷ್ಟೇ ಎತ್ತಿ ಒಂದೇ ಏಟಿಗೆ ಸೇರಿಸಿಬಿಟ್ಟಿದ್ದರು. ಹಳೆಯ ಕಂಪ್ಯೂಟರನ್ನು ಅಳಿಸಿ ಎಕ್ಸ್‌ಚೇಂಜಿಗೆ ಕೊಟ್ಟೂ ಆಗಿತ್ತು. ಹೊಸ ದಾಖಲೆಯ ಮೊದಲ ಸಾಲಿನಲ್ಲಿ ಅವರ ಹೆಸರು, ಪಕ್ಕದಲ್ಲಿ ಅವರದೇ ಟಿಪ್ಪಣಿ: "ಎಲ್ಲಾ ತಂದಿದ್ದೇನೆ, ಏನೂ ಬಿಟ್ಟಿಲ್ಲ."

"ಇತಿಹಾಸ ಎಲ್ಲಿ?"

"ಹೊಸ ಮನೆಗೆ ಹಳೇ ಪೊರಕೆ ಯಾರಾದ್ರೂ ತರ್ತಾರೇನ್ರೀ?"

ಕೂಗಾಡಿದೆ. ಕಾಫಿ ಕುಡಿಯದೆ ಎದ್ದುಬಂದೆ. ಸಕ್ಕರೆ ಇನ್ನೂ ಸಿಕ್ಕಿರಲೂ ಇಲ್ಲ.

ಪೆಟ್ಟು ಬಿದ್ದದ್ದು ಬಸವರಾಜರಿಗೆ. ವೈಟ್‌ಫೀಲ್ಡಿನ ಸಂದರ್ಶನದಲ್ಲಿ "ನಿಮ್ಮ ಕೆಲಸ ತೋರಿಸಿ" ಎಂದರಂತೆ. ತೆರೆದರೆ ಅವರು ಬರೆದ ಪ್ರತಿ ಸಾಲಿನ ಮುಂದೆಯೂ ಪದ್ಮಿನಿ, ಪದ್ಮಿನಿ. "ನಿಮ್ಮ ಹೆಸರಿನಲ್ಲಿ ಏನಾದರೂ ಇದ್ದರೆ ಮುಂದಿನ ತಿಂಗಳು ಬನ್ನಿ" ಎಂದು ಕಳಿಸಿದರು. ಬಸವರಾಜ ನೇರ ಪದ್ಮಿನಿಯವರ ಮನೆಗೆ ಬಂದರು. ನಾನೂ ಅಲ್ಲೇ ಇದ್ದೆ.

"ಏನ್ರೀ ಮೇಡಂ, ಇದರಾಗ ನಾ ಎಲ್ಲಿ ಹೋದೆ?"

ಪದ್ಮಿನಿ ಪರದೆ ನೋಡಿದರು. ಅವರ ಮುಖ ಸಣ್ಣದಾಯಿತು. "ನಾನೇ ಅವರಿಗೆ ಫೋನ್ ಮಾಡಿ ಹೇಳ್ತೀನಿ ಬಸವರಾಜ್. ಇಲ್ಲಾ, ಈಗ್ಲೇ ನಿಮ್ಮ ಹೆಸರು ಸೇರಿಸ್ಬಿಡ್ತೀನಿ."

"ಈಗ ಹಚ್ಚಿದ ಹೆಸರನ್ನ ಯಾರ್ ನಂಬ್ತಾರ್ರೀ? ಹೆಂಗ ಬರದೆ, ಎಲ್ಲಿ ತಪ್ಪಿದೆ, ಹೆಂಗ ತಿದ್ದಿದೆ, ಅದನ್ನ ನೋಡ್ತಾರ ಅವರು. ನನ್ನ ಭಾಗ ತಗದ ಒಗೀರಿ. ಮತ್ತ ಬರೀತೀನಿ."

ಯಾವುದನ್ನೂ ಇದ್ದಲ್ಲಿ ಇರಗೊಡದ ಆ ಹೆಂಗಸು ಅಂದು ಕೀಬೋರ್ಡ್ ಮೇಲೆ ಕೈಯಿಟ್ಟು ಹಿಂಜರಿದರು. "ಚೆನ್ನಾಗಿ ನಡೀತಿರೋದನ್ನ ಹೇಗ್ರೀ ತೆಗೀಲಿ?"

"ಹಳೇ ಪೊರಕೆ ಅಂದ್ಕೊಳ್ಳಿ" ಎಂದೆ.

ನನ್ನತ್ತ ತಿರುಗಿಯೂ ನೋಡದೆ ತೆಗೆದರು.

ವರ್ಕ್‌ಶಾಪುಗಳಲ್ಲಿ ಮೊದಲಿನ ಪ್ರತಿಯೇ ನಡೆಯುತ್ತಿದ್ದುದರಿಂದ ಅವರಿಗೆ ತೊಂದರೆಯಾಗಲಿಲ್ಲ. ಬಸವರಾಜ ಶಿಫ್ಟ್ ಮುಗಿಸಿ ಬಂದು, ಹಳೆಯದರತ್ತ ಕಣ್ಣು ಹಾಯಿಸದೆ, ತಪ್ಪುತ್ತ ತಿದ್ದುತ್ತ ಬರೆದರು. ಪದ್ಮಿನಿ ಉಪ್ಪಿಟ್ಟು ಕೊಟ್ಟು ಪಕ್ಕದಲ್ಲಿ ಕೂತರು. ಒಂದು ಸಲವೂ ಬಾಯಿ ಹಾಕಲಿಲ್ಲ. ಅವರಿಗೆ ಅದು ಸಣ್ಣ ಶಿಕ್ಷೆಯಲ್ಲ. ಮುಂದಿನ ತಿಂಗಳು ಬಸವರಾಜರಿಗೆ ಕೆಲಸ ಸಿಕ್ಕಿತು.

ಪದ್ಮಿನಿ ಕ್ಷಮೆ ಕೇಳಿದರೇ? ಕೇಳುವ ಪೈಕಿಯಲ್ಲ. "ಈ ಸಲದ್ದು ಮುಂಚಿಗಿಂತ ಚೆನ್ನಾಗಿದೆ, ನೋಡಿದ್ರಾ ಮೂರ್ತಿಗಳೇ?" ಎಂದರು. ಚೆನ್ನಾಗಿಯೇ ಇತ್ತು. ನನಗೆ ಇನ್ನಷ್ಟು ಸಿಟ್ಟು ಬಂತು.

ಪದ್ಮಿನಿ ತೀರಿಹೋಗಿ ವರ್ಷವಾಗುತ್ತ ಬಂತು. ರಾಯರ ಅಡುಗೆಮನೆಯಲ್ಲಿ ಸಕ್ಕರೆ ಡಬ್ಬಿ ಈಗ ಒಲೆಯ ಪಕ್ಕ ಬಿಟ್ಟು ಕದಲುವುದಿಲ್ಲ.

ಮೊನ್ನೆ ಬಸವರಾಜ ಸಾಫ್ಟ್‌ವೇರನ್ನು ಬೇರೊಂದು ಸರ್ವರ್‌ಗೆ ಸಾಗಿಸಿದರು. ಇತಿಹಾಸ ಪೂರ್ತಿ ಬಂದಿದೆಯೇ ಎಂದು ನನ್ನನ್ನು ಕೂರಿಸಿ ತೋರಿಸಿದರು. ಸಾಲು ಸಾಲಾಗಿ ನೋಡುತ್ತ ಕೆಳಗಿಳಿದೆ. ತಳದಲ್ಲಿ, ಎಲ್ಲಕ್ಕಿಂತ ಹಳೆಯದಾಗಿ, ಅದೇ ಸಾಲು: "ಎಲ್ಲಾ ತಂದಿದ್ದೇನೆ, ಏನೂ ಬಿಟ್ಟಿಲ್ಲ."

"ಈ ಸುಳ್ಳನ್ನಾದ್ರೂ ಬಿಟ್ಟು ಬರಬಹುದಿತ್ತಲ್ರೀ?" ಎಂದೆ.

"ಇರ್ಲಿ ಬಿಡ್ರೀ ಸರ. ಅವರು ಅಲ್ಲೀತನಕ ಬರದದ್ದೆಲ್ಲ ಅದೊಂದ ಸಾಲಿನಾಗ ಐತಿ. ಅದನ್ನ ಬಿಟ್ರ, ನಮ್ಮ ಮೇಡಂ ಎಲ್ಲಿ ಹೋದ್ರು ಅಂತ ನಾ ಯಾರನ್ನ ಕೇಳ್ಲಿ?"

ಪರಿಶೀಲಿಸಿದವನ ಜಾಗದಲ್ಲಿ ನನ್ನ ಹೆಸರು ಹಾಕಿ ಎದ್ದೆ.