ಹನ್ನೊಂದನೆಯ ದಿನದ ಸ್ನಾನ

ನಮ್ಮ ನಾಯಿಗೆ ಉಣ್ಣಿ ಹತ್ತದಂತೆ ನೋಡಿಕೊಳ್ಳುವುದು ನನ್ನ ಹೆಂಡತಿಯ ಕೆಲಸವಾಗಿತ್ತು. ಮಳೆಗಾಲ ಬಂತೆಂದರೆ ಆರ್.ಕೆ.ಪುರಂನ ನಮ್ಮ ಸರ್ಕಾರಿ ಕ್ವಾರ್ಟರ್ಸಿನ ಗೋಡೆಯ ಬಿರುಕುಗಳಿಂದ ಅವು ಹೊರಬರುತ್ತವೆ. ಅವಳು ದಿನಾ ಸಂಜೆ ಬಾಲ್ಕನಿಯಲ್ಲಿ ಕೂತು ನಾಯಿಯ ಕಿವಿಯೊಳಗೆ, ಬೆರಳ ಸಂದಿಗಳಲ್ಲಿ ಹುಡುಕುತ್ತಿದ್ದಳು. ಸಿಕ್ಕಿದ್ದನ್ನು ಚಿಮಟದಿಂದ ಕಿತ್ತು, ಸ್ಪಿರಿಟ್ ಹಾಕಿಟ್ಟ ಹಳೇ ಉಪ್ಪಿನಕಾಯಿ ಬಾಟಲಿಗೆ ಬಿಡುತ್ತಿದ್ದಳು. ತಿಂಗಳಿಗೊಮ್ಮೆ ಕತ್ತಿನ ಹಿಂದೆ ಕೂದಲು ಬಿಡಿಸಿ ಔಷಧಿಯ ಹನಿ ಹಾಕುತ್ತಿದ್ದಳು. ಹಾಕುವ ದಿನಗಳಿಗೆಲ್ಲ ಜನವರಿಯಲ್ಲೇ ಕ್ಯಾಲೆಂಡರಿನಲ್ಲಿ ಕೆಂಪು ಸುತ್ತು ಬೀಳುತ್ತಿತ್ತು. ಹಾಕಿದ ಮೇಲೆ ಎರಡು ದಿನ ನೀರು ಮುಟ್ಟಿಸಬಾರದು ಎಂದು ನನಗೆ ಎಷ್ಟು ಸಲ ಹೇಳಿದ್ದಳೋ.

ಅವಳು ಹೋದದ್ದು ಆಗಸ್ಟಿನಲ್ಲಿ. ಮನೆ ತುಂಬ ಜನ. ನಾಯಿಯನ್ನು ಬಾಲ್ಕನಿಯಲ್ಲಿ ಕಟ್ಟಿದ್ದೆವು. ಹತ್ತನೆಯ ದಿನ ಸಂಜೆ ಕ್ಯಾಲೆಂಡರ್ ಕಣ್ಣಿಗೆ ಬಿತ್ತು. ಕೆಂಪು ಸುತ್ತು ಆ ದಿನಕ್ಕೇ ಇತ್ತು. ಡಬ್ಬಿಯಿಂದ ಔಷಧಿ ತೆಗೆದು, ಅವಳು ಹಾಕುತ್ತಿದ್ದಂತೆಯೇ ಹಾಕಿದೆ. ಆ ಹತ್ತು ದಿನಗಳಲ್ಲಿ ನಾನು ಸರಿಯಾಗಿ ಮಾಡಿದ ಕೆಲಸ ಅದೊಂದೇ.

ಮರುದಿನ ಸೂತಕ ಕಳೆಯುವ ದಿನ. ಊರಿಂದ ಬಂದಿದ್ದ ನನ್ನ ಅಕ್ಕ ಬೆಳಿಗ್ಗೆಯೇ ಪರದೆ, ಹಾಸಿಗೆ ಬಟ್ಟೆ, ನೆಲ ಎಲ್ಲ ತೊಳೆಸಿ ಬಾಲ್ಕನಿಗೆ ಬಂದಳು.

"ಇದಕ್ಕೂ ಸ್ನಾನ ಮಾಡ್ಸಿಬಿಡೋ. ನಾಳೆಯಿಂದ ಮತ್ತೆ ಒಳಗೆಲ್ಲ ಓಡಾಡತ್ತೆ. ಏನೋ ವಾಸನೆ ಬೇರೆ."

ವಾಸನೆ ಔಷಧಿಯದು. ನನಗೆ ಗೊತ್ತಿತ್ತು. ಪುರೋಹಿತರು ಬರುವ ಹೊತ್ತಾಗಿತ್ತು, ಒಳಗೆ ನೆಂಟರಿದ್ದರು. ಹೆಂಡತಿ ಸತ್ತ ಹನ್ನೊಂದನೆಯ ದಿನ ನಾಯಿಯ ಔಷಧಿಗಾಗಿ ವಾದ ಮಾಡಿದರೆ ಏನಂದುಕೊಳ್ಳುತ್ತಾರೋ ಅನ್ನಿಸಿತು. ಬಕೆಟ್ ತಂದೆ. ಸೋಪು ಹಚ್ಚಿ ಕತ್ತನ್ನೂ ಉಜ್ಜಿದೆ. ನಾಯಿ ಕದಲದೆ ನಿಂತಿತ್ತು.

ಎಲ್ಲರೂ ಹೋದ ಮೇಲೆ ಡಾಕ್ಟರನ್ನು ಕೇಳಿ ಇನ್ನೊಮ್ಮೆ ಹಾಕಬಹುದಿತ್ತು. ಸಂಜೆ ಬಾಲ್ಕನಿಯಲ್ಲಿ ಕೂತು ಕಿವಿ ನೋಡಬಹುದಿತ್ತು. ಅವಳ ಕುರ್ಚಿಯಲ್ಲಿ ಕೂರಲಾಗುವುದಿಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ದುಃಖದಲ್ಲಿರುವವನನ್ನು ಯಾರೂ ಏನೂ ಕೇಳುವುದಿಲ್ಲ.

ಮೂರು ವಾರಕ್ಕೆ ನಾಯಿ ಊಟ ಬಿಟ್ಟಿತು. ಒಸಡು ಬಿಳಿಚಿಕೊಂಡಿತ್ತು. ನಾಯಿ ಕಂಡರೆ ಆಟೋದವರು ನಿಲ್ಲಿಸುವುದಿಲ್ಲ. ನಾಲ್ಕನೆಯ ಭಯ್ಯಾ ಗೋಣಿಚೀಲ ಹಾಸಿ ಹತ್ತಿಸಿಕೊಂಡ. ಜನಕಪುರಿಯಲ್ಲಿ ಡಾಕ್ಟರು ಅದರ ಕಿವಿ ಮಡಚಿ ತೋರಿಸಿದರು. ಒಳಗೆ ಕಾಳು ಅಂಟಿಸಿದಂತೆ ಉಣ್ಣಿಗಳು. ಉಣ್ಣಿ ಜ್ವರ, ತಡವಾಗಿದೆ ಎಂದರು. ಔಷಧಿ ಹಾಕಿದ್ದಿರಾ ಎಂದು ಕೇಳಿದಾಗ ತಾರೀಖು ಸಮೇತ ಹೇಳಿದೆ. ಹಾಕಿದ ಮೇಲೆ ಸ್ನಾನ ಮಾಡಿಸಿಲ್ಲ ತಾನೇ ಎಂದರು.

"ನಹೀಂ," ಎಂದೆ.

ಐದನೆಯ ದಿನ ಅದು ಸತ್ತಿತು. ಊರಿಗೆ ಫೋನ್ ಮಾಡಿ ಅಕ್ಕನಿಗೆ ಹೇಳಿದೆ.

"ಅಳಬೇಡ ಕಣೋ. ಅವಳ ಹಿಂದೇನೇ ಹೋಯ್ತು. ಎಷ್ಟು ಋಣ ಇತ್ತು ನೋಡು ಮೂಕಪ್ರಾಣಿಗೆ."

"ಅವಳ ಹಿಂದೆ ಹೋಗಲಿಲ್ಲ ಅಕ್ಕ. ಔಷಧಿ ಹಾಕಿದ ಮಾರನೇ ದಿನ ನಾನು ತೊಳೆದೆ. ಗೊತ್ತಿದ್ದೂ ತೊಳೆದೆ."

ಅದಕ್ಕೆ ಅಕ್ಕ, ಮುಂದಿನ ಮಾಸಿಕ ಯಾವತ್ತು ಬರುತ್ತದೆ, ಪುರೋಹಿತರಿಗೆ ಹೇಳಿದ್ದೀಯಾ ಎಂದು ಕೇಳಿದಳು.

ತಿಥಿ ನೋಡಲು ಕ್ಯಾಲೆಂಡರಿನ ಮುಂದೆ ನಿಂತೆ. ಮುಂದಿನ ಕೆಂಪು ಸುತ್ತಿಗೆ ಇನ್ನು ಮೂರು ದಿನವಿತ್ತು. ಅದರಾಚೆಯ ಹಾಳೆಯಲ್ಲಿ ಇನ್ನೊಂದು. ಡಿಸೆಂಬರಿನವರೆಗೂ ಹಾಕಿಟ್ಟಿದ್ದಳು. ತಿಥಿ ಹುಡುಕಿ ಅಕ್ಕನಿಗೆ ಹೇಳಿದೆ.