ಗೋಧಿ ಹೊಲದೊಳಗಿನ ನೂರಾ ಬಾವಿ

1984ರಲ್ಲಿ ನಾನು ಅರಬ್ಬರ ನಾಡಿನ ಹಾಯಿಲ್‌ನ ಎತ್ತರದ ಬಯಲಿನಲ್ಲಿ ಫೀಲ್ಡ್ ಸರ್ವೇಯರ್. ವಿಮಾನದಿಂದ ತೆಗೆದ ಫೋಟೊ ಹಿಡಿದು ಊರೂರು ಸುತ್ತಿ, ದಿಬ್ಬ, ದಾರಿ, ಬಾವಿಗಳ ಹೆಸರು ಕೇಳಿ ಟೊಪೊಗ್ರಾಫಿಕ್ ನಕ್ಷೆಗೆ ಸೇರಿಸುವುದು ಕೆಲಸ. ನನ್ನ ಅರಬ್ಬಿ ಅಷ್ಟಕ್ಕಷ್ಟೆ. ಹಾಗಾಗಿ ಸುಲಭದ ದಾರಿ ಹಿಡಿದೆ: ಗೋಧಿ ಹೊಲಗಳ ಪಾಕಿಸ್ತಾನಿ ಪಂಪ್ ಆಪರೇಟರುಗಳನ್ನು ಉರ್ದುವಿನಲ್ಲಿ ಕೇಳಿದೆ. ಎರಡೇ ದಿನದಲ್ಲಿ ಹಾಳೆ ತುಂಬಿತು. ಭಾರೀ ಜಾಣ ಅಂದುಕೊಂಡೆ.

ಕರಡು ನಕ್ಷೆಯನ್ನು ಅಲ್ಲಿನ ಹಿರಿಯ ರೈತ ಅಬು ಸಾಲಿಮರಿಗೆ ಓದಿ ಹೇಳಿದಾಗ ಅವರು ಕಾಫಿ ಬಟ್ಟಲು ಕೆಳಗಿಟ್ಟರು. "ಬಿರ್ ನೂರಾ ಎಲ್ಲಿ?"

ಬಿರ್ ಎಂದರೆ ಬಾವಿ. ತೋಡಿದ್ದು ಅವರ ಅಪ್ಪ, ಮೊದಲ ನೀರು ಸೇದಿದ್ದು ತಾಯಿ ನೂರಾ. ಬೋರ್‌ವೆಲ್ ಬಂದ ಮೇಲೆ ಬತ್ತಿತು. ಮಣ್ಣು ತುಂಬಿ ಸುತ್ತ ಗೋಧಿ ಬಿತ್ತಿದರು.

"ನನ್ನ ಮಕ್ಕಳು ಅದನ್ನು ನಾಲ್ಕನೇ ನಂಬರ್ ಹೊಲ ಅನ್ನುತ್ತಾರೆ. ನಾನು ಹೋದ ಮೇಲೆ ಅವಳ ಹೆಸರು ಹೇಳುವವರು ಯಾರು, ಇಂಜಿನಿಯರ್?"

ನಾನು ಬರೀ ಡಿಪ್ಲೊಮಾದವನು. ತಿದ್ದಲಿಲ್ಲ.

ಸೊಂಟದೆತ್ತರದ ಗೋಧಿಯೊಳಗೆ ಅಬು ಸಾಲಿಮರು ನಮ್ಮ ಮುಂದೆ ಅತ್ತಿತ್ತ ನೋಡದೆ ನಡೆದು ಒಂದು ಕಡೆ ನಿಂತರು. ಕಾಲಡಿಯಲ್ಲಿ ಕಲ್ಲು, ಅಂಚಿನಲ್ಲಿ ಹಗ್ಗ ಉಜ್ಜಿ ಉಜ್ಜಿ ಬಿದ್ದ ಗೆರೆಗಳು. ನನ್ನ ಡ್ರೈವರ್, ಉಳ್ಳಾಲದ ಹಮೀದ್, ಗೊಣಗಿದ: "ಎಂತ ಮಾರಾಯ, ನೀರಿಲ್ಲದ ಬಾವಿಗೆ ಈ ಬಿಸಿಲಲ್ಲಿ ಥಿಯೋಡೊಲೈಟ್ ಹೊರುವುದಾ?" ಹೊತ್ತ, ಪಾಪ. ಆ ಯಂತ್ರದಿಂದ ಬಾವಿಯ ಜಾಗದ ಅಳತೆ ಮಾಡಿಕೊಂಡೆವು.

ನಮ್ಮ ಈಜಿಪ್ಟಿನ ಚೀಫ್ ಒಪ್ಪಲಿಲ್ಲ. "ಮುಚ್ಚಿದ ಬಾವಿ ತೋರಿಸುವ ಪದ್ಧತಿಯಿಲ್ಲ. ಹೆಸರು ಹೆಚ್ಚಾದರೆ ಹಾಳೆ ಓದಲಿಕ್ಕಾಗುವುದಿಲ್ಲ."

"ಎರಡು ಪಂಪ್‌ಹೌಸ್ ಹೆಸರು ತೆಗೆಯುತ್ತೇನೆ ಸರ್, ಒಂದು ಬಾವಿ ಕೊಡಿ."

"ಇದೇನು ತರಕಾರಿ ಮಾರ್ಕೆಟ್ಟಾ? ಆರು ತೆಗೆ."

"ನಾಲ್ಕು. ಊರಿನ ಇಬ್ಬರು ಹಿರಿಯರ ಹೆಬ್ಬೆಟ್ಟೂ ತರುತ್ತೇನೆ."

ನಕ್ಕುಬಿಟ್ಟರು. "ಖಲಾಸ್, ಆಯ್ತು ಹೋಗು." ಚೌಕಾಸಿಗೆ ಬರಿಗೈಯಲ್ಲಿ ಹೋಗಬೇಡಿ, ಬಿಟ್ಟುಕೊಡಲು ಏನಾದರೂ ಇಟ್ಟುಕೊಂಡೇ ಹೋಗಿ.

ತಿದ್ದಿದ ಹಾಳೆ ಒಯ್ದೆ. ಅಬು ಸಾಲಿಮರಿಗೆ ಓದು ಬಾರದು. ಅವರ ಬಲಗೈ ಬೆರಳು ಹಿಡಿದು ಆ ಪುಟ್ಟ ಅಕ್ಷರಗಳ ಮೇಲಿಟ್ಟೆ. ಮಗ ಕಾಫಿ ಚಾಚಿದ. ಎಡಗೈಯಲ್ಲಿ ಎಂದೂ ಏನೂ ಸ್ವೀಕರಿಸದ ಆ ಮನುಷ್ಯ ಅಂದು ಬಟ್ಟಲನ್ನು ಎಡಗೈಯಲ್ಲೇ ತೆಗೆದುಕೊಂಡರು. ಬಲಗೈ ಕದಲಲಿಲ್ಲ.

ನಕ್ಷೆಯ ಪ್ರತಿಯನ್ನು ಆ ದೇಶದಿಂದ ಹೊರಗೆ ತರುವಂತಿರಲಿಲ್ಲ. ಈಗ ಉಡುಪಿಯಲ್ಲಿ ಕೂತು, ಇನ್ನೊಮ್ಮೆ ಆ ಗೋಧಿಯೊಳಗೆ ಅವರ ಹಿಂದೆ ನಡೆಯಬೇಕು ಅಂತ ಎಷ್ಟು ಸಲ ಅನಿಸಿದೆಯೋ. ಹೊಸಬರಿಗೆ ನಾನು ಹೇಳುವುದಿಷ್ಟೆ: ಹೆಸರು ಕೇಳುವಾಗ ನಿಮ್ಮ ಭಾಷೆ ಬಲ್ಲವರನ್ನು ಹುಡುಕಬೇಡಿ. ಆ ಜಾಗಕ್ಕಾಗಿ ಹಂಬಲಿಸುವವರನ್ನು ಹುಡುಕಿ.