ಕೊಲೆಟ್ ರಾಂಕೂರ್ ಬಿಡದೆ ಕೇಳಿದ ಪ್ರಶ್ನೆ

ಕೊಲೆಟ್ ರಾಂಕೂರ್ ಕುಳಿತು ಊಟ ಮಾಡಿದ್ದನ್ನು ನಾನು ಕಂಡದ್ದೇ ಕಡಿಮೆ. ಅಮೆರಿಕದ ನ್ಯೂ ಹ್ಯಾಂಪ್‌ಶೈರ್ ರಾಜ್ಯದ ಪ್ಲಿಮತ್‌ನ ಕಾಲೇಜಿನಲ್ಲಿ ನಾವಿಬ್ಬರೂ ಒಂದೇ ಕೋಣೆಯಲ್ಲಿದ್ದೆವು. ಒಂದು ಕೈಯಲ್ಲಿ ಬ್ರೆಡ್ಡು, ಇನ್ನೊಂದರಲ್ಲಿ ಫೋನು ಹಿಡಿದು, ಕಿಟಕಿಗೂ ಬಾಗಿಲಿಗೂ ಓಡಾಡುತ್ತಲೇ ಅವಳ ಊಟ ಮುಗಿಯುತ್ತಿತ್ತು.

"ಒಂದ್ನಿಮಿಷ ಕೂತ್ಕೊಳ್ಳೇ, ನೋಡೀ ನೋಡೀ ನಂಗೇ ತಲೆ ಸುತ್ತುತ್ತೆ" ಅಂದರೆ, "ನೀನು ಕಣ್ಮುಚ್ಕೋ ಡಾರ್ಸಿ" ಅನ್ನುತ್ತಿದ್ದಳು.

ನಮ್ಮ ಎರಡನೇ ವರ್ಷದಲ್ಲಿ ಮಲಾವಿ ದೇಶದ ನರ್ಸೊಬ್ಬರು ಕಾಲೇಜಿಗೆ ಬಂದು ಮಾತನಾಡಿದರು. ಹೆಸರು ತಿಯಾಮಿಕೆ. ಏಡ್ಸ್ ಬಂದವರನ್ನು ಬದುಕಿಸುವ ಔಷಧಿ ಅಮೆರಿಕದಲ್ಲಿ ಸಿಗುತ್ತದೆ, ತಮ್ಮ ವಾರ್ಡಿನಲ್ಲಿ ಮಾತ್ರ ಒಂದೊಂದು ಮಂಚದ ಮೇಲೆ ಇಬ್ಬಿಬ್ಬರು ಸಾಯುತ್ತಿದ್ದಾರೆ ಎಂದು ದನಿ ಏರಿಸದೆ ಹೇಳಿದರು. ಎಲ್ಲರೂ ಚಪ್ಪಾಳೆ ತಟ್ಟಿ ಹೊರಟರು. ಕೊಲೆಟ್ ಮಾತ್ರ ತಿಯಾಮಿಕೆಯವರ ದಾರಿಗೆ ಅಡ್ಡ ನಿಂತಳು.

"ನಾವೇನ್ ಮಾಡ್ಬೇಕು, ಅದನ್ನ ಹೇಳಿ."

"ಅಧ್ಯಕ್ಷರಾಗೋಕೆ ಹೊರಟವರೆಲ್ಲ ಮೊದ್ಲು ನಿಮ್ಮ ರಾಜ್ಯಕ್ಕೇ ಓಟು ಕೇಳೋಕೆ ಬರ್ತಾರಂತಲ್ಲಮ್ಮ. ಔಷಧಿಗೆ ಹಣ ಕೊಡ್ತೀರಾ ಅಂತ ಅವ್ರನ್ನ ಕೇಳು. ಹೂಂ ಅನ್ನೋವರೆಗೂ ಕೇಳು."

ಅದು 2003ರ ಚಳಿಗಾಲ. ನ್ಯೂ ಹ್ಯಾಂಪ್‌ಶೈರಿನಲ್ಲಿ ಯಾವ ಹೋಟೆಲಿಗೆ ಹೋದರೂ ಒಬ್ಬ ಅಭ್ಯರ್ಥಿ ಕೈ ಕುಲುಕಲು ನಿಂತಿರುತ್ತಿದ್ದ. ಬೇರೆ ಬೇರೆ ಕಾಲೇಜುಗಳ ಹುಡುಗ ಹುಡುಗಿಯರು ಸೇರಿ, ಬೆನ್ನು ಹತ್ತಿ ಪ್ರಶ್ನೆ ಕೇಳಲು ಅಭ್ಯರ್ಥಿಗಳನ್ನು ಹಂಚಿಕೊಂಡರು. ನಮ್ಮ ಪಾಲಿಗೆ ಬಂದವನು ಪಶ್ಚಿಮದ ಸೆನೆಟರ್ ಹಾಲ್ಬರ್ಗ್. ನನ್ನ ಹಳೆಯ ಸುಬಾರು ಕಾರಿನ ಹೀಟರ್ ಕೆಟ್ಟಿತ್ತು. ಕಂಬಳಿ ಹೊದ್ದು, ಗಾಜಿನ ಮೇಲಿನ ಮಂಜನ್ನು ಒಳಗಿನಿಂದಲೇ ಕೆರೆಯುತ್ತ ಅವನ ಹಿಂದೆ ಊರೂರು ಸುತ್ತಿದೆವು.

ಲಕೋನಿಯಾದಲ್ಲಿ ಅವನು "ಒಳ್ಳೇ ಪ್ರಶ್ನೆ ಮಗು" ಎಂದು ಹೆಗಲು ತಟ್ಟಿ ಮುಂದೆ ಹೋದ. ಕೀನ್‌ನಲ್ಲಿ "ಅವರ ಕಷ್ಟ ನೆನೆದ್ರೆ ನಂಗೆ ನಿದ್ದೆ ಬರಲ್ಲ" ಎಂದ. ಆಮೇಲೆ ಅವನ ಕಡೆಯವರಿಗೆ ನಮ್ಮ ಮುಖ ಪರಿಚಯವಾಗಿ, ಮೈಕು ನಮ್ಮತ್ತ ಬರುವುದೇ ನಿಂತಿತು. ಕೊಲೆಟ್ ಟೋಪಿ ಬದಲಾಯಿಸಿದಳು. ನನ್ನ ಕನ್ನಡಕ ಹಾಕಿಕೊಂಡಳು.

"ಹಿಂಗೆ ಬಂದ್ರೆ ಗುರುತು ಸಿಗಲ್ವಾ?" ಎಂದೆ.

"ಸಿಗತ್ತೋ ಇಲ್ವೋ, ನಂಗಂತೂ ಯಾರೂ ಕಾಣಿಸ್ತಿಲ್ಲ" ಎಂದು ಕುರ್ಚಿಗೆ ಎಡವಿದಳು.

ಅವಳಿಗೆ ಇಷ್ಟು ಅವಸರವೇಕೆಂದು ನನಗೆ ತಿಳಿದದ್ದು ಒಂದು ಮಧ್ಯಾಹ್ನ, ಹಿಮ ಸರಿಸುವ ಲಾರಿಯ ಹಿಂದೆ ಸಿಕ್ಕಿಹಾಕಿಕೊಂಡಿದ್ದಾಗ. ಅವಳು ಚಿಕ್ಕವಳಿದ್ದಾಗ ಚಿಕ್ಕಪ್ಪ ನಾರ್ಮಂಡ್ ಬಾಸ್ಟನ್‌ನಿಂದ ಸಾಯಲೆಂದೇ ಮನೆಗೆ ಬಂದಿದ್ದನಂತೆ. ಊರಿಗೆಲ್ಲ ಕ್ಯಾನ್ಸರ್ ಎಂದು ಹೇಳಿದ್ದರು. ಅಜ್ಜಿ, ಅವರ ಮನೆಯ ಮಾತಿನಲ್ಲಿ ಮೆಮೇರ್, ಅವನಿಗೆ ಕಾಗದದ ತಟ್ಟೆಯಲ್ಲಿ ಬಡಿಸಿ ಆಮೇಲೆ ತಟ್ಟೆಯನ್ನು ಒಲೆಗೆ ಹಾಕುತ್ತಿದ್ದಳು. ಮಗು ಕೊಲೆಟ್‌ಳನ್ನು ಅವನ ಕೋಣೆಗೆ ಬಿಡುತ್ತಿರಲಿಲ್ಲ.

"ಬಾಗಿಲಾಚೆಯಿಂದ ಒಗಟು ಹೇಳೋನು. ನಾನು ಈಚೆ ಕೂತು ಬಿಡಿಸ್ಬೇಕು. ಒಂದಿನ ಉತ್ತರ ಹೇಳ್ದೆ, ಆ ಕಡೆಯಿಂದ ಸದ್ದೇ ಇಲ್ಲ." ಕೊಲೆಟ್ ಕಾರಿನ ಬಾಗಿಲಿಗೆ ಮೊಣಕಾಲು ಬಡಿಯುತ್ತಿದ್ದಳು. "ಆಗ ಔಷಧಿ ಇರ್ಲಿಲ್ಲ ಕಣೇ. ಈಗಿದೆ. ಇದ್ದೂ ಕೊಡಲ್ಲ ಅಂದ್ರೆ ನಾನು ಹೆಂಗೆ ಸುಮ್ನೆ ಕೂರ್ಲಿ?"

"ಅದನ್ನೇ ಸೆನೆಟರ್ ಮುಂದೆ ಹೇಳು. ಆಗ ತಪ್ಪಿಸ್ಕೊಳ್ಳಕ್ಕಾಗಲ್ಲ."

"ಮೆಮೇರ್ ಇರೋವರೆಗೂ ಆಗಲ್ಲ. ಅವಳು ಚರ್ಚಿಗೆ ಹೋಗಿ ಎಲ್ರಿಗೂ ಮುಖ ತೋರಿಸ್ಬೇಕಲ್ಲ."

ಜನವರಿಯಲ್ಲಿ ಹಾಲ್ಬರ್ಗ್ ಅವಳ ಊರಿಗೇ ಹೋದ. ನಮ್ಮ ರಾಜ್ಯದ ಉತ್ತರ ತುದಿಯ ಬರ್ಲಿನ್, ಕಾಗದದ ಕಾರ್ಖಾನೆಯನ್ನೇ ನಂಬಿದ ಊರು. ನಾವು ಹೋಗುವಷ್ಟರಲ್ಲಿ ಮಾಜಿ ಸೈನಿಕರ ಸಭಾಂಗಣ ತುಂಬಿತ್ತು. ಅವಳ ಅಪ್ಪ ಆರ್ಮಂಡ್ ಕಾರ್ಖಾನೆಯ ಜಾಕೀಟಿನಲ್ಲೇ ಬಂದಿದ್ದ. ಪಕ್ಕದಲ್ಲಿ ಚರ್ಚಿನ ಕೋಟು ತೊಟ್ಟ ಮೆಮೇರ್.

ಕೊಲೆಟ್ ಕೈ ಎತ್ತಿದಳು. ಮೈಕು ಬರಲಿಲ್ಲ. ಎದ್ದು ನಿಂತು ಬರಿಗಂಟಲಲ್ಲೇ ಕೇಳಿದಳು: "ಬಡ ದೇಶಗಳ ಏಡ್ಸ್ ರೋಗಿಗಳ ಔಷಧಿಗೆ ಪೂರ್ತಿ ಹಣ ಕೊಡಿಸ್ತೀರಾ? ಹೂಂ ಅಥವಾ ಇಲ್ಲ ಅನ್ನಿ ಸಾರ್."

"ಈ ಹುಡುಗಿ ನನ್ನ ಹೆಂಡ್ತಿಗಿಂತ ಹೆಚ್ಚು ನನ್ನ ಜೊತೆಗಿರ್ತಾಳೆ" ಎಂದ ಸೆನೆಟರ್. ಸಭೆ ನಕ್ಕಿತು. "ಇಲ್ಲಿ ಕೆಲಸ ಕಳ್ಕೊಳ್ಳೋ ಭಯದಲ್ಲಿರೋರು ಕಾಯ್ತಿದ್ದಾರಮ್ಮ. ಅವ್ರೂ ಮಾತಾಡ್ಲಿ."

ಮೈಕು ಹಿಡಿದ ಯುವಕನ ಕಣ್ಣು ಕಾರ್ಖಾನೆಯ ಜಾಕೀಟನ್ನು ಹುಡುಕುತ್ತಿತ್ತು. ಆರ್ಮಂಡ್ ಕೈ ಎತ್ತಿದ್ದ. ಮೈಕು ಅವನಿಗೆ ಸಿಕ್ಕಿತು.

"ನಂಗೂ ಕೆಲಸದ್ದೇ ಚಿಂತೆ ಸಾರ್. ಆದ್ರೆ ನನ್ನ ತಮ್ಮ ಈ ಕಾಯಿಲೆಯಲ್ಲೇ ಸತ್ತ. ಇದೇ ಊರಲ್ಲಿ, ನಮ್ಮಮ್ಮನ ಮನೇಲಿ. ಕ್ಯಾನ್ಸರ್ ಅಂತ ಎಲ್ರಿಗೂ ನಾನೇ ಹೇಳಿದ್ದೆ." ಕೊಲೆಟ್‌ಳತ್ತ ಕೈ ತೋರಿಸಿದ. "ಅವಳು ನನ್ನ ಮಗಳು. ಅವಳಿಗೆ ಉತ್ತರ ಹೇಳಿ."

ಯಾರೂ ನಗಲಿಲ್ಲ. ಸೆನೆಟರ್ ಕ್ಯಾಮೆರಾಗಳತ್ತ ನೋಡಿದ, ಆರ್ಮಂಡನತ್ತ ನೋಡಿದ. "ಹೂಂ. ಕೊಡಿಸ್ತೀನಿ" ಎಂದ.

ಮೆಮೇರ್ ಎದ್ದು ಯಾರ ಮುಖವನ್ನೂ ನೋಡದೆ ಹೊರಗೆ ನಡೆದಳು. ಕೊಲೆಟ್ ಹಿಂದೆಯೇ ಓಡಿದಳು. ಗೆದ್ದ ಗಳಿಗೆಯಲ್ಲಿ ಅವಳ ಮುಖ ಬಿಳಿಚಿಕೊಂಡಿತ್ತು.

ಅವನು ಕೊಟ್ಟ ಉತ್ತರ ಮರುದಿನದ ಪತ್ರಿಕೆಗಳಲ್ಲಿ ಬಂತು. ಹಿಂದೆ ಬೀಳುವ ಅಂಜಿಕೆಗೆ ಉಳಿದವರಲ್ಲೂ ಕೆಲವರು ಅದೇ ಮಾತು ಕೊಟ್ಟರು. ಹಾಲ್ಬರ್ಗ್ ಮಾತ್ರ ಫೆಬ್ರವರಿ ಮುಗಿಯುವ ಮೊದಲೇ ಸ್ಪರ್ಧೆಯಿಂದ ಹಿಂದೆ ಸರಿದ. ಸುದ್ದಿ ಕೇಳಿ ಕೊಲೆಟ್ ಬೂಟನ್ನು ಗೋಡೆಗೆ ಎಸೆದಳು. ಸ್ವಲ್ಪ ಹೊತ್ತಿನ ನಂತರ ಅದನ್ನೇ ಎತ್ತಿ ಹಾಕಿಕೊಂಡು, ಇನ್ನೊಬ್ಬ ಅಭ್ಯರ್ಥಿಯ ಕಚೇರಿಗೆ ಹೊರಟಳು.

ಮೆಮೇರ್ ಬಹಳ ಕಾಲ ಮಗನ ಜೊತೆ ಮಾತಾಡಲಿಲ್ಲ. ಚರ್ಚಿಗೆ ಹೋಗುವುದನ್ನಂತೂ ಬಿಡಲಿಲ್ಲ. ಒಬ್ಬಳೇ ಹೋಗಿ ಒಬ್ಬಳೇ ಬರುತ್ತಿದ್ದಳು. ಬೇಸಿಗೆ ರಜೆಯಲ್ಲಿ ಒಂದು ದಿನ ಆಲೂಗೆಡ್ಡೆ ಸುಲಿಯುತ್ತ ಕೊಲೆಟ್‌ಳನ್ನು ಕೇಳಿದಳಂತೆ:

"ಬಾಗಿಲಾಚೆಯಿಂದ ಅವನು ನಿನ್ಹತ್ರ ಏನ್ ಮಾತಾಡ್ತಿದ್ದ?"

ನೆನಪಿದ್ದ ಒಗಟುಗಳನ್ನೆಲ್ಲ ಕೊಲೆಟ್ ಹೇಳಿದಳು. ಮುದುಕಿ ಒಂದಕ್ಕೂ ಉತ್ತರ ಹೇಳಲಾಗದೆ ಮುಖವನ್ನು ಏಪ್ರನ್ನಿನಲ್ಲಿ ಮುಚ್ಚಿಕೊಂಡಳು.

ಕೊಲೆಟ್ ಮುಂದೆ ನರ್ಸಿಂಗ್ ಓದಿ ಕೆಲವು ವರ್ಷ ತಿಯಾಮಿಕೆಯ ವಾರ್ಡಿನಲ್ಲೇ ದುಡಿದಳು. ಅಷ್ಟರಲ್ಲಿ ಅಲ್ಲಿಗೆ ಔಷಧಿ ಬಂದಿತ್ತು. ಯಾರೋ ಸೈಕಲ್ಲಿನ ಹಿಂದೆ ಕಟ್ಟಿ ತಂದಿದ್ದ ರೋಗಿ ಹೆಂಗಸೊಬ್ಬಳು ಮಳೆಗಾಲ ಮುಗಿಯುವಷ್ಟರಲ್ಲಿ ತಾನೇ ಸೈಕಲ್ ತುಳಿದುಕೊಂಡು ಬಂದಳೆಂದು ನನಗೆ ಫೋನು ಮಾಡಿ ಕಿರುಚಿದ್ದಳು. ಈಗ ಅವಳು ನಮ್ಮ ರಾಜ್ಯದ ಮ್ಯಾಂಚೆಸ್ಟರಿನ ಒಂದು ಕ್ಲಿನಿಕ್ಕಿನಲ್ಲಿದ್ದಾಳೆ. ತಲೆಗೂದಲು ನರೆಯುತ್ತಿದೆ.

ಮೊನ್ನೆ, ಆ ಔಷಧಿಯ ಹಣಕ್ಕೆ ಮತ್ತೆ ಕತ್ತರಿ ಬೀಳುತ್ತದೆಂಬ ಸುದ್ದಿ ಬಂದಾಗ, ಫೋನು ಮಾಡಿದಳು.

"ವಾಷಿಂಗ್ಟನ್‌ಗೆ ಹೋಗ್ಬೇಕು. ಗಾಡಿ ಓಡಿಸ್ತೀಯಾ?"

"ಮಂಡಿ ನೋವು ಕಣೇ. ಬ್ರೇಕ್ ಒತ್ತಕ್ಕಾಗಲ್ಲ."

"ನೀನು ಯಾವತ್ತು ಬ್ರೇಕ್ ಒತ್ತಿದ್ದೆ?"

ಹೋದೆವು. ನಾವು ನೋಡಬೇಕಾಗಿದ್ದ ಸೆನೆಟರ್ ಕಚೇರಿಯಲ್ಲಿರಲಿಲ್ಲ. ನಾಳೆ ಬಂದರೂ ಸಿಗುವುದು ಅನುಮಾನ ಎಂದರು. ಕೊಲೆಟ್ ಆಗಲೇ ಮೊಗಸಾಲೆಯ ಆ ತುದಿಯಲ್ಲಿದ್ದಳು, ಮುಂದಿನ ಬಾಗಿಲು ತಟ್ಟುತ್ತ.